ಸೆಪ್ಟೆಂಬರ್ 17ರ ಹಿಂದೆ, ಮುಂದೆ: ಹೈದರಾಬಾದ್ ಸಂಸ್ಥಾನದಲ್ಲಿ ಅಸಹನೆ ಬೆಳೆದ ಬಗೆ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ಕೊಪ್ಪಳದ ಶಾಲೆಗಳಲ್ಲಿ ಧ್ವಜ ಏರುತ್ತದೆ. ಮೊದಲು ಇದನ್ನು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಅಂತ ಕರೆಯುತ್ತಿದ್ದೆವು. 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. ಗಡಿ ದಾಟಿ ಹೈದರಾಬಾದಿಗೆ ಹೋದರೆ ಅದೇ ದಿನಕ್ಕೆ ಬೇರೆ ಬೇರೆ ಹೆಸರು. 2022ರಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಪರೇಡ್ ಮೈದಾನದಲ್ಲಿ ವಿಮೋಚನಾ ದಿನ ಆಚರಿಸಿತು. ತೆಲಂಗಾಣ ಸರ್ಕಾರ ಅದೇ ದಿನ, ಅದೇ ಊರಲ್ಲಿ ರಾಷ್ಟ್ರೀಯ ಏಕತಾ ದಿನ ಆಚರಿಸಿತು. ಒಂದು ತಾರೀಖಿಗೆ ಇಷ್ಟು ಹೆಸರು ಯಾಕೆ ಬೇಕಾಯಿತು ಎಂದು ನೀವು ಯಾವತ್ತಾದರೂ ಕೇಳಿಕೊಂಡಿದ್ದೀರಾ?

ಈ ಭಾಗದ ಹಿಂದೂ ಮನೆಗಳಲ್ಲಿ ಆ ಕಾಲಕ್ಕೆ ಇರುವ ಹೆಸರು 'ರಜಾಕಾರರ ಹಾವಳಿ'. ಮುಸ್ಲಿಂ ಮನೆಗಳಲ್ಲಿ 'ಪೊಲೀಸ್ ಆಕ್ಷನ್', ಅದನ್ನೂ ದನಿ ತಗ್ಗಿಸಿಯೇ ಹೇಳುವುದು. ಎರಡೂ 1948ರವೇ. ಒಂದು ಆ ವರ್ಷದ ಮೊದಲ ಎಂಟು ತಿಂಗಳ ಕತೆ, ಇನ್ನೊಂದು ಕೊನೆಯ ನಾಲ್ಕು ತಿಂಗಳದ್ದು. ಅರ್ಧ ವರ್ಷ ಅವರ ನೆನಪಿನಲ್ಲಿದೆ, ಅರ್ಧ ವರ್ಷ ನಮ್ಮ ನೆನಪಿನಲ್ಲಿ. ಸಮಾಜ ವಿಜ್ಞಾನ ಪಾಠ ಮಾಡುವವರಿಗೆ ಇದರ ಕಷ್ಟ ಗೊತ್ತು. ಪಾಠದಲ್ಲಿ ರಜಾಕಾರರ ಮಾತು ಬಂದ ಕೂಡಲೇ ತರಗತಿಯ ನಾಲ್ಕಾರು ಮಕ್ಕಳು ತಲೆ ತಗ್ಗಿಸುತ್ತಾರೆ, ಮಿಕ್ಕವರು ಅವರ ಕಡೆ ತಿರುಗಿ ನೋಡುತ್ತಾರೆ. ಹದಿನಾಲ್ಕು ವರ್ಷದ ಹುಡುಗ ಮುತ್ತಜ್ಜನ ಕಾಲದ ಲೆಕ್ಕ ಕೊಡಬೇಕಾದ ಸ್ಥಿತಿ ಅದು. ಆ ಹುಡುಗನಿಗೂ, ತಿರುಗಿ ನೋಡಿದ ಹುಡುಗರಿಗೂ ಪೂರ್ತಿ ವರ್ಷ ಗೊತ್ತಾಗಲಿ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಂಸ್ಥಾನ ಹೇಗಿತ್ತು ನೋಡೋಣ. 1941ರ ಜನಗಣತಿಯಲ್ಲಿ ಹೈದರಾಬಾದಿನ ಜನಸಂಖ್ಯೆ ಸುಮಾರು 1 ಕೋಟಿ 63 ಲಕ್ಷ. ಹೆಚ್ಚುಕಡಿಮೆ ಅರ್ಧದಷ್ಟು ಜನ ತೆಲುಗಿನವರು, ಕಾಲು ಭಾಗ ಮರಾಠಿಯವರು, ಹತ್ತರಲ್ಲಿ ಒಬ್ಬರು ಕನ್ನಡದವರು. ನೂರಕ್ಕೆ ಹದಿಮೂರರಷ್ಟು ಮಂದಿ ಮುಸ್ಲಿಮರು. ಆದರೆ ದೊರೆ ಮುಸ್ಲಿಂ, ಆಡಳಿತದ ಭಾಷೆ ಉರ್ದು, ದೊಡ್ಡ ಹುದ್ದೆಗಳಲ್ಲಿ ಬಹುಪಾಲು ಮುಸ್ಲಿಮರು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನು ಎಲ್ಲ ಕಲಿಸಿ ತೋರಿಸಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಆ ದೇಶಭಾಷೆ ಉರ್ದು. ರಾಯಚೂರಿನ ಕನ್ನಡ ಹುಡುಗನಿಗೆ ಅದು ಇಂಗ್ಲಿಷಿನಷ್ಟೇ ದೂರದ್ದು. ಉರ್ದು ನನ್ನ ಮನೆಮಾತು, ಅದರ ಮೇಲಿನ ನನ್ನ ಪ್ರೀತಿಗೆ ಯಾರ ಸರ್ಟಿಫಿಕೇಟೂ ಬೇಕಿಲ್ಲ. ಅದಕ್ಕೇ ಹೇಳ್ತೇನೆ: ಆ ಹುಡುಗನ ದೂರು ನ್ಯಾಯವಾದದ್ದೇ ಆಗಿತ್ತು.

ಹಾಗಂತ ಜನ ದಿನಾ ಹೊಡೆದಾಡುತ್ತಿದ್ದರು ಅಂತಲ್ಲ. ಬೀದರ್ ಹತ್ತಿರದ ಅಷ್ಟೂರಿಗೆ ಹೋಗಿ ಬನ್ನಿ. ಅಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ ಇದೆ. ಮುಸ್ಲಿಮರಿಗೆ ಅವನು ವಲಿ, ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ಉರುಸಿಗೆ ಮಡಿಯಾಳದಿಂದ ಜಂಗಮರು ಬರಬೇಕು, ಅವರು ಬಾರದೆ ಉರುಸು ನಡೆಯುವುದಿಲ್ಲ. ಸುರಪುರದ ಕಡೆ ತಿಂಥಣಿಯ ಮೌನೇಶ್ವರನಿಗೆ ಮೋನಪ್ಪಯ್ಯ ಎಂದೂ ಮೌನುದ್ದೀನ್ ಎಂದೂ ಎರಡು ಹೆಸರು. ಮೊಹರಂ ಬಂದರೆ ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಯಲ್ಲೂ ಅಲಾಯಿ ಕುಣಿ ತೋಡುತ್ತಾರೆ. ಇತ್ತ ಹೈದರಾಬಾದ್ ನಗರದಲ್ಲಿ ಎರಡು ಸಲ ಸರ್ಕಾರದ ಮುಖ್ಯಸ್ಥರಾಗಿದ್ದ ಮಹಾರಾಜಾ ಕಿಶನ್ ಪ್ರಸಾದ್ 'ಶಾದ್' ಎಂಬ ಹೆಸರಿನಲ್ಲಿ ಉರ್ದು ಕಾವ್ಯ ಬರೆದವರು. ಇದೆಲ್ಲ ಸಮಾನತೆ ಅಂತ ನಾನು ಹೇಳೋದಿಲ್ಲ. ಜಾಗೀರುದಾರನ ಕೈಕೆಳಗಿನ ರೈತನಿಗೆ ಜಾಗೀರುದಾರ ಹಿಂದೂವೋ ಮುಸ್ಲಿಮನೋ ಎಂಬುದರಿಂದ ಬೆನ್ನ ಮೇಲಿನ ಪೆಟ್ಟು ಕಡಿಮೆ ಆಗುತ್ತಿರಲಿಲ್ಲ. ಜೊತೆಗೆ ಬಾಳುವ ಒಂದು ರೂಢಿ ಇತ್ತು, ಅಷ್ಟೇ.

ಆ ರೂಢಿಯಲ್ಲಿ ಬಿರುಕು ಕಂಡದ್ದು ನಮ್ಮ ಊರುಗಳಲ್ಲೇ. 1924ರ ಆಗಸ್ಟಿನಲ್ಲಿ ಗುಲ್ಬರ್ಗದಲ್ಲಿ ಶರಣಬಸವೇಶ್ವರರ ಪಾಲಕಿ ಮೆರವಣಿಗೆಯ ಜಗಳ ದೊಡ್ಡ ಗಲಭೆಯಾಯಿತು, ಗುಡಿಗಳ ಮೇಲೆ ಕೈಮಾಡಿದರು. ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಗುಲ್ಬರ್ಗಕ್ಕೆ ಹುಚ್ಚು ಹಿಡಿದಿದೆ ಎಂಬ ಅರ್ಥದ ತಲೆಬರಹ ಕೊಟ್ಟು ಬರೆದರು. ಬಂದೇನವಾಜರ ದರ್ಗಾಕ್ಕೂ ಶರಣಬಸವೇಶ್ವರರ ಗುಡಿಗೂ ಒಂದೇ ಜಟಕಾದಲ್ಲಿ ಹೋಗಿಬರುತ್ತಿದ್ದ ಊರದು.

ಆಮೇಲಿನದು ಏಣಿ ಹತ್ತಿದ ಹಾಗೆ. ಆರ್ಯ ಸಮಾಜದ ಶುದ್ಧಿ ಒಂದು ಕಡೆ, ತಬ್ಲೀಗು ಇನ್ನೊಂದು ಕಡೆ. ಇಬ್ಬರ ಕಣ್ಣೂ ದಲಿತರ ಕೇರಿಯ ಮೇಲೆ. ನಿಜಾಮ್ ಸರ್ಕಾರ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರೆ ಕತೆ ಬೇರೆ ಆಗುತ್ತಿತ್ತು. ಅದು ಹಾಗೆ ಮಾಡಲಿಲ್ಲ. ಸಭೆ ನಡೆಸಲು ಮೊದಲೇ ಅನುಮತಿ ಬೇಕೆನ್ನುವ 53ನೇ ಗಶ್ತಿ ಹೊರಡಿಸಿತು. ಹೊಸ ಗುಡಿ ಕಟ್ಟಲು, ಹಳೆಯದರ ದುರಸ್ತಿಗೆ ಅಪ್ಪಣೆ; ದಸರೆಯೂ ಮೊಹರಮ್ಮೂ ಒಟ್ಟಿಗೆ ಬಂದ ವರ್ಷ ವಾದ್ಯಕ್ಕೆ ತಡೆ. ಕಾಗದದ ಮೇಲೆ ನಿಯಮ ಎಲ್ಲರಿಗೂ ಒಂದೇ. ಆದರೆ ಅಪ್ಪಣೆ ಕೊಡುವ ಅಧಿಕಾರಿ ಯಾರು, ಕೇಳಿಕೊಂಡು ಕಚೇರಿ ಮುಂದೆ ನಿಂತವರು ಯಾರು ಎಂಬುದು ಎಲ್ಲರಿಗೂ ಕಾಣುತ್ತಿತ್ತು. 1938ರ ಏಪ್ರಿಲಿನಲ್ಲಿ ರಾಜಧಾನಿಯ ಧೂಲ್‌ಪೇಟೆಯಲ್ಲಿ ಗಲಭೆ. ಅದೇ ವರ್ಷ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ಅದಕ್ಕೆ ನಿಷೇಧ. ಆರ್ಯ ಸಮಾಜದ ಸತ್ಯಾಗ್ರಹ ಶುರುವಾಗಿ ಹೊರಗಿನಿಂದಲೂ ಸಾವಿರಾರು ಜನ ಬಂದು ಜೈಲು ತುಂಬಿದರು. ಉಸ್ಮಾನಿಯಾದಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಹೊರಬಿದ್ದ ವಿದ್ಯಾರ್ಥಿಗಳು ನಾಗಪುರಕ್ಕೆ ಹೋಗಿ ಓದಿದರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು. ಅವರ ಉರ್ದು ಎಷ್ಟು ಚೆಂದ ಇತ್ತು ಅಂತ ಕೇಳಿದವರು ಹೇಳ್ತಾರೆ. ಸಿಟ್ಟು ಭಾಷೆಯ ಮೇಲಿನದಾಗಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅದೇ 1938ರಲ್ಲಿ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಅಧ್ಯಕ್ಷರಾದವರು ನವಾಬ್ ಬಹಾದೂರ್ ಯಾರ್ ಜಂಗ್. ದೊಡ್ಡ ಮಾತುಗಾರ. ತಮ್ಮ ಜಾಗೀರನ್ನೇ ಬಿಟ್ಟುಕೊಟ್ಟ ಮನುಷ್ಯ. ಅವರ ಕಾಲದ ಮಜ್ಲಿಸ್ ಜನರ ಮುಂದಿಟ್ಟ ಮಾತು 'ಅನಲ್ ಮಲಿಕ್', ಅಂದರೆ ನಾನೇ ಅರಸ. ಹೈದರಾಬಾದಿನ ಅಧಿಕಾರ ನಿಜಾಮನೊಬ್ಬನದಲ್ಲ, ಪ್ರತಿಯೊಬ್ಬ ಮುಸ್ಲಿಮನದು. ನಿಜಾಮ ಅದರ ಗುರುತು ಮಾತ್ರ ಎಂಬುದು ಅದರ ತಿರುಳು. ಇಲ್ಲಿ ಸ್ವಲ್ಪ ನಿಲ್ಲಿ. ಕಚೇರಿಯ ಜವಾನ, ಟಾಂಗಾದವನು, ಬೀಡಿ ಕಟ್ಟುವವನು, ಮಗ್ಗದವನು, ಇವರಿಗೆಲ್ಲ ನೀವೇ ರಾಜರು ಅಂದರೆ ಕಿವಿಗೆ ಎಷ್ಟು ಹಿತ! ಮನೆಯಲ್ಲಿ ಹಿಟ್ಟು ಇರಲಿ ಬಿಡಲಿ, ತಖ್ತು ನಮ್ಮದು. ಈ ಲೇಖನದಲ್ಲಿ ನಾನು ಹೇಳಬೇಕಾದ ಒಂದು ಮಾತು ಇದ್ದರೆ ಅದು ಇದೇ: ಹೈದರಾಬಾದಿನ ಅಸಹನೆ ಕುರಾನಿನಿಂದಲೂ ಬರಲಿಲ್ಲ, ವಚನ ಪುರಾಣಗಳಿಂದಲೂ ಬರಲಿಲ್ಲ. ಗದ್ದುಗೆಯನ್ನು ಒಂದು ಮತದವರ ಆಸ್ತಿ ಅಂತ ನಂಬಿಸಿದ ಕ್ಷಣದಿಂದ ಅದು ಬೆಳೆಯಿತು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಬಹಳ ಹಿಂದೆ ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರಿಗೂ ಹಳೆಯ ದೇವತೆಗಳನ್ನು ಪೂಜಿಸುವವರಿಗೂ, ಅಂದರೆ ಚರಿತ್ರೆ ಪುಸ್ತಕಗಳು ಪೇಗನ್ ಎನ್ನುವವರಿಗೂ, ನಡೆದದ್ದು ಇದೇ. ಕ್ರಿ.ಶ. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಚರ್ಚುಗಳನ್ನು ಕೆಡವಿಸಿ ಕ್ರೈಸ್ತರ ಗ್ರಂಥಗಳನ್ನು ಸುಡಿಸಿದ. ಹತ್ತು ವರ್ಷ ಕಳೆದು 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಎಲ್ಲ ಮತಗಳಿಗೂ ಪೂಜೆಯ ಸ್ವಾತಂತ್ರ್ಯ ಕೊಟ್ಟರು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಚಕ್ರವರ್ತಿಯ ಮತವೇ ಸಾಮ್ರಾಜ್ಯದ ಮತವಾಯಿತು. 384ರಲ್ಲಿ ಸಿಮ್ಮಾಕಸ್ ಎಂಬ ಹಿರಿಯ ರೋಮನ್ ಅಧಿಕಾರಿ ತಮ್ಮ ಹಳೆಯ ಬಲಿಪೀಠವನ್ನು ಸೆನೆಟ್ಟಿನಲ್ಲಿ ಮತ್ತೆ ಇಡಲು ಬಿಡಿ ಎಂದು ಅರ್ಜಿ ಬರೆದುಕೊಂಡ. ಅರ್ಜಿ ತಿರಸ್ಕೃತವಾಯಿತು. 391ರ ಹೊತ್ತಿಗೆ ಥಿಯೋಡೋಸಿಯಸ್ ಬಲಿ ಪೂಜೆಗಳನ್ನು ನಿಷೇಧಿಸಿದ. ಅದೇ ಸುಮಾರಿಗೆ ಅಲೆಕ್ಸಾಂಡ್ರಿಯಾದ ಸೆರಾಪಿಸ್ ದೇಗುಲ ನೆಲಸಮವಾಯಿತು. 415ರಲ್ಲಿ ಅದೇ ಊರಿನ ಬೀದಿಯಲ್ಲಿ ಗಣಿತ ಕಲಿಸುತ್ತಿದ್ದ ಹೈಪೇಷಿಯಾ ಎಂಬ ಹೆಂಗಸನ್ನು ಕ್ರೈಸ್ತ ಗುಂಪು ಎಳೆದಾಡಿ ಕೊಂದಿತು. 303ರಲ್ಲಿ ಪೆಟ್ಟು ತಿಂದವರ ಮೊಮ್ಮಕ್ಕಳು 391ರಲ್ಲಿ ಪೆಟ್ಟು ಕೊಡುವವರಾದರು. ನಡುವೆ ಬದಲಾದದ್ದು ಬೈಬಲ್ ಅಲ್ಲ, ಅರಮನೆ ಯಾರ ಕಡೆ ಇದೆ ಎಂಬುದು. ರೋಮಿಗೆ ಈ ಬದಲಾವಣೆಗೆ ಎಂಬತ್ತೆಂಟು ವರ್ಷ ಹಿಡಿಯಿತು. ಹೈದರಾಬಾದಿಗೆ ಒಂದು ವಾರ ಸಾಕಾಯಿತು.

ಮತ್ತೆ ನಮ್ಮ ಕತೆಗೆ ಬರೋಣ. ಬಹಾದೂರ್ ಯಾರ್ ಜಂಗ್ 1944ರಲ್ಲಿ ತೀರಿಹೋದರು. 1946ರಲ್ಲಿ ಮಜ್ಲಿಸ್ ಲಾತೂರಿನ ವಕೀಲ ಖಾಸಿಂ ರಜ್ವಿಯ ಕೈಗೆ ಬಂತು. ಮಾತಿನಲ್ಲಿದ್ದ ರಾಜತ್ವ ಕೈಗೆ ಬಂದೂಕು ತೆಗೆದುಕೊಂಡದ್ದು ಆಗ. ರಜಾಕಾರ ಎಂದರೆ ಸ್ವಯಂಸೇವಕ, ಪದ ಒಳ್ಳೆಯದೇ. 1947ರ ಆಗಸ್ಟಿನ ನಂತರ ನಿಜಾಮ ಭಾರತಕ್ಕೆ ಸೇರಲೊಲ್ಲೆ ಎಂದಾಗ ಸಂಸ್ಥಾನದ ಉದ್ದಗಲಕ್ಕೆ ಈ ಸ್ವಯಂಸೇವಕರು ಹಳ್ಳಿ ಸುಟ್ಟರು, ಸುಲಿದರು, ಹೆಂಗಸರ ಮಾನ ಕಳೆದರು. ಗಡಿಯಾಚೆಯ ಶಿಬಿರಗಳಿಂದ ಕಾಂಗ್ರೆಸ್ಸಿನ ಶಸ್ತ್ರಧಾರಿಗಳು ಬಂದು ನಾಕೆಗಳ ಮೇಲೆ ದಾಳಿ ಮಾಡುತ್ತಿದ್ದರು ನಿಜ. ಅದರ ಸೇಡು ತೀರಿದ್ದು ಮಾತ್ರ ಬಡ ರೈತರ ಮೇಲೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಗಳಲ್ಲಿ ಇನ್ನೂರರಷ್ಟು ಜನ ಸತ್ತರೆಂದು ಆ ಸೀಮೆಯ ನೆನಪು. 2023ರ ಮಾರ್ಚಿನಲ್ಲಿ ಅಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು. ಅದು ರಾಜಕೀಯಕ್ಕೆ ಕಟ್ಟಿದ್ದು ಎಂದು ನಮ್ಮಲ್ಲಿ ಕೆಲವರು ಗೊಣಗಿದರು. ಇರಬಹುದು. ಆದರೆ ಸತ್ತವರು ರಾಜಕೀಯಕ್ಕೆ ಸತ್ತವರಲ್ಲ. ಗೋರ್ಟಾದ ಹೆಸರನ್ನು ನಾವೇ ಮೊದಲು ಎತ್ತಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆಂದರೆ ಅದನ್ನು ಮಾಡಿದವರು ನಮ್ಮ ಹೆಸರು ಹೇಳಿಕೊಂಡು ಮಾಡಿದರು.

ಹಾಗೆ ಮೊದಲು ಎತ್ತಿದವರೂ ಇದ್ದರು. ಹೈದರಾಬಾದಿನ ಕನ್ನಡಿಗರಿಗೆ ಕಾಚಿಗುಡಾ ಗೊತ್ತು, ನೃಪತುಂಗ ಶಾಲೆ ಇರುವ ಬಡಾವಣೆ. 1948ರ ಆಗಸ್ಟ್ 21ರ ರಾತ್ರಿ ಕಳೆಯುವ ಹೊತ್ತಿಗೆ ಆ ಕಡೆಯ ರಸ್ತೆಯಲ್ಲಿ ಪತ್ರಿಕಾ ಕಚೇರಿಯಿಂದ ಮನೆಗೆ ಮರಳುತ್ತಿದ್ದ ಶೋಯೆಬುಲ್ಲಾ ಖಾನರನ್ನು ಅಡ್ಡಗಟ್ಟಿದರು. ಹುಟ್ಟಿದ್ದು 1920ರಲ್ಲಿ, ಇನ್ನೂ ಮೂವತ್ತು ತುಂಬಿರಲಿಲ್ಲ. 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆಯ ಸಂಪಾದಕ. ಇಮ್ರೋಜ್ ಅಂದರೆ ಇವತ್ತು. ಅದಕ್ಕೆ ಮುಂಚೆ ಅವರು ಬರೆಯುತ್ತಿದ್ದ 'ರಯ್ಯತ್' ಪತ್ರಿಕೆಯನ್ನು ಸರ್ಕಾರ ಮುಚ್ಚಿಸಿತ್ತು. ಬೂರ್ಗುಲ ರಾಮಕೃಷ್ಣರಾವ್ ಮುಂತಾದವರ ಬೆಂಬಲದಿಂದ ಹೊಸ ಪತ್ರಿಕೆ ಕಟ್ಟಿಕೊಂಡಿದ್ದರು. ರಜಾಕಾರರನ್ನು ವಿಸರ್ಜಿಸಿ, ಭಾರತಕ್ಕೆ ಸೇರಿ ಎಂದು ಏಳು ಮಂದಿ ಮುಸ್ಲಿಂ ಗಣ್ಯರು ಸಹಿ ಮಾಡಿದ ಹೇಳಿಕೆಯೊಂದನ್ನು ಅವರು ಪ್ರಕಟಿಸಿದ್ದರು. ಹೇಳಿಕೆಗೆ ಸಹಿ ಮಾಡಿದವರಲ್ಲಿ ಬಾಕರ್ ಅಲಿ ಮಿರ್ಜಾ, ರಜಾಕಾರರ ದೌರ್ಜನ್ಯ ಕಂಡು ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟ ಫರೀದ್ ಮಿರ್ಜಾ ಇದ್ದರು. ಕೊಲೆಗಾರರು ಗುಂಡು ಹಾರಿಸಿದ್ದಷ್ಟೇ ಅಲ್ಲ, ಸಂಪಾದಕನ ಬರೆಯುವ ಕೈಯನ್ನೇ ಕತ್ತರಿಸಿದರು. ಜೊತೆಯಲ್ಲಿದ್ದ ಭಾವಮೈದುನ ಬಿಡಿಸಲು ಹೋಗಿ ಗಾಯಗೊಂಡರು.

ಏಳು ಸಹಿ ಮತ್ತು ಒಬ್ಬ ಸಂಪಾದಕ. ಎಷ್ಟು ಕಡಿಮೆ ಅಂತ ನಿಮಗನ್ನಿಸಬಹುದು. ಕಡಿಮೆಯೇ. ಅದೇ ಹೊತ್ತಿಗೆ ಕವಿ ಮಖ್ದೂಮ್ ಮೊಹಿಯುದ್ದೀನ್ ತೆಲಂಗಾಣದ ರೈತ ಹೋರಾಟದಲ್ಲಿ ಭೂಗತರಾಗಿದ್ದರು ಎಂಬುದನ್ನೂ ಸೇರಿಸಿಕೊಳ್ಳಿ. ಇನ್ನೊಂದು ಕಡೆ ನಿಜಾಮನ ಮಂತ್ರಿಮಂಡಲದಲ್ಲಿ ಪಿಂಗಳಿ ವೆಂಕಟರಾಮ ರೆಡ್ಡಿಯವರಂಥ ಹಿಂದೂ ಜಮೀನ್ದಾರರೂ ಇದ್ದರು. ಮತದ ಗೆರೆ ನಮಗೆ ಈಗ ಕಾಣುವಷ್ಟು ನೇರವಾಗಿ ಆಗ ಇರಲಿಲ್ಲ.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು. 17ಕ್ಕೆ ನಿಜಾಮ ರೇಡಿಯೋದಲ್ಲಿ ಶರಣಾಗತಿ ಸಾರಿದ. ಮಾರನೆಯ ದಿನ ಜನರಲ್ ಎಲ್ ಎಡ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರಿಗೆ ಶರಣಾದರು. ಪಠ್ಯಪುಸ್ತಕದಲ್ಲಿ ಅಧ್ಯಾಯ ಇಲ್ಲಿಗೆ ಮುಗಿಯುತ್ತದೆ. ಹಳ್ಳಿಗಳಲ್ಲಿ ಇಲ್ಲಿಂದ ಶುರುವಾಯಿತು.

ಆದದ್ದೇನೆಂದು ನೋಡಿಬರಲು ಸರ್ಕಾರವೇ ಒಂದು ಸದ್ಭಾವನಾ ತಂಡ ಕಳಿಸಿತು. ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. ಮೂವರೂ ಸ್ವಾತಂತ್ರ್ಯ ಹೋರಾಟದ ಕಡೆಯವರೇ, ನಿಜಾಮನ ಗೆಳೆಯರಲ್ಲ. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿ, ಊರೂರಲ್ಲಿ ಐನೂರಕ್ಕೂ ಹೆಚ್ಚು ಜನರ ಮಾತು ಕೇಳಿದರು. ಪೊಲೀಸ್ ಆಕ್ಷನ್ನಿನಲ್ಲೂ ಅದರ ನಂತರವೂ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅವರ ಅಂದಾಜು. ಇವರಲ್ಲಿ 18 ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನ ಸತ್ತದ್ದು ನಾಲ್ಕು ಜಿಲ್ಲೆಗಳಲ್ಲಿ: ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಎರಡು ನಮ್ಮವೇ, ನೋಡಿ. ರಜಾಕಾರರು ಹೆಚ್ಚು ಕಾಡಿದ್ದ ಸೀಮೆಯಲ್ಲೇ ಸೇಡೂ ಹೆಚ್ಚು. ಹೊರಗಿನಿಂದ, ಶೋಲಾಪುರದ ಕಡೆಯಿಂದ, ಬಂದ ಶಸ್ತ್ರಸಜ್ಜಿತ ತಂಡಗಳ ಬಗ್ಗೆಯೂ ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಗೆ ಸೇರಿದ ಬಗ್ಗೆಯೂ ವರದಿ ಹೇಳುತ್ತದೆ. ಜನರಲ್ ಚೌಧುರಿಯವರನ್ನು ಹೊಗಳಿಯೂ ಇದನ್ನು ಬರೆದಿದೆ. ಕೊಲೆಯಾದವರಲ್ಲಿ ಹೆಚ್ಚಿನವರು ರಜಾಕಾರರಾಗಿರಲಿಲ್ಲ. ತಖ್ತು ನಿಮ್ಮದು ಎಂಬ ಮಾತನ್ನು ಕೇಳಿ ಖುಷಿಪಟ್ಟದ್ದೇ ಅವರಲ್ಲಿ ಅನೇಕರ ಅಪರಾಧ. ಕೆಲವರು ಅದನ್ನು ಕೇಳಿಯೂ ಇರಲಿಲ್ಲ. ಗಂಡಸರಿಲ್ಲದ ಮನೆಗಳು ಹಳ್ಳಿ ಬಿಟ್ಟು ಗುಲ್ಬರ್ಗಕ್ಕೆ, ಹೈದರಾಬಾದಿಗೆ ನಡೆದವು. ನಮ್ಮ ಅದೆಷ್ಟೋ ಮೊಹಲ್ಲಾಗಳು ಹೀಗೆ ಬಂದವರಿಂದ ತುಂಬಿದವು.

ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. 2013ರಲ್ಲಿ ಎ.ಜಿ. ನೂರಾನಿ ತಮ್ಮ ಪುಸ್ತಕದ ಅನುಬಂಧವಾಗಿ ಅದನ್ನು ಅಚ್ಚು ಹಾಕಿಸಿದ ಮೇಲೆ ಯಾರು ಬೇಕಾದರೂ ಓದುವಂತಾಯಿತು. ಅರವತ್ತೈದು ವರ್ಷ. ಬಚ್ಚಿಟ್ಟದ್ದರಿಂದ ಯಾರಿಗೆ ಒಳ್ಳೆಯದಾಯಿತೋ ನನಗಂತೂ ಕಾಣುವುದಿಲ್ಲ. ಗಾಯಕ್ಕೆ ಗಾಳಿ ಆಡಲಿಲ್ಲ, ಅಷ್ಟೇ. ಮಾತಾಡದ ಮನೆಗಳಲ್ಲಿ ಸಂಖ್ಯೆ ತನ್ನಷ್ಟಕ್ಕೆ ಬೆಳೆಯಿತು, ಎರಡು ಲಕ್ಷದವರೆಗೂ ಹೋಯಿತು. ಆಚೆ ಕಡೆ ಏನೂ ಆಗಲೇ ಇಲ್ಲ ಎಂಬಲ್ಲಿಗೆ ಇಳಿಯಿತು.

ಇನ್ನು ತಖ್ತಿನ ಕಡೆ ನೋಡಿ. ರಾಜ್ಯ ಕಳೆದುಕೊಂಡ ನಿಜಾಮ 1950ರ ಜನವರಿ 26ರಂದು ಅದೇ ಹೈದರಾಬಾದಿನ ರಾಜಪ್ರಮುಖನಾದ. 1956ರವರೆಗೂ ಆ ಪದವಿಯಲ್ಲಿದ್ದು 1967ರಲ್ಲಿ ತನ್ನ ಅರಮನೆಯಲ್ಲೇ ಕಣ್ಣುಮುಚ್ಚಿದ. ಪ್ರಧಾನಿ ಲಾಯಕ್ ಅಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದ. ಖಾಸಿಂ ರಜ್ವಿ ಜೈಲು ಮುಗಿಸಿ 1957ರಲ್ಲಿ ಅವನೂ ಅಲ್ಲಿಗೇ ಹೋದ. ನೀನೇ ರಾಜ ಅಂತ ಹೇಳಿಸಿಕೊಂಡ ಚಿಂಚೋಳಿಯ ಜವಾನ, ಹುಮನಾಬಾದಿನ ಟಾಂಗಾದವನು ಎಲ್ಲಿಗೂ ಹೋಗಲಿಲ್ಲ, ಹೋಗಲು ಜಾಗವೂ ಇರಲಿಲ್ಲ. ಬದುಕಿ ಉಳಿದವರು ಗೋರ್ಟಾದವರ ಜೊತೆಗೇ ಸಂತೆ ಮಾಡಿದರು.

ಸುಂದರಲಾಲ್ ವರದಿಯಲ್ಲಿ ಲಾಶುಗಳ ಲೆಕ್ಕದ ನಡುವೆ ಇನ್ನೊಂದು ವಿಷಯ ಇದೆ. ಆ ವರದಿಯನ್ನು ಉಲ್ಲೇಖಿಸುವ ನಮ್ಮವರು ಅದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಒಂದೇ ಕಸುಬಿನವರ ನಡುವೆ ಸ್ನೇಹ ಉಳಿದಿತ್ತು ಎಂದು ತಂಡ ಬರೆಯುತ್ತದೆ. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡ ನಿಂತು ಹಿಂದೂ ಗುಂಪುಗಳನ್ನು ಎದುರಿಸಿದರು, ಅದಕ್ಕಾಗಿ ಪ್ರಾಣವನ್ನೂ ಕೊಟ್ಟರು. ಎಳೆದೊಯ್ದಿದ್ದ ಮುಸ್ಲಿಂ ಹೆಂಗಸರನ್ನು ಹುಡುಕಿ ತರಲು ಅನೇಕ ಹಿಂದೂಗಳು ನೆರವಾದರು. ಮಗ್ಗದವನಿಗೆ ಗದ್ದುಗೆಯ ಮೇಲೆ ಹಕ್ಕು ಇರಲಿಲ್ಲ. ಪಕ್ಕದ ಮಗ್ಗದವನ ನೂಲು, ಸಾಲ, ಮಗಳ ಮದುವೆ ಗೊತ್ತಿತ್ತು.

ಓದುತ್ತಿರುವ ನೀವು ವಿದ್ಯಾರ್ಥಿಯಾಗಿದ್ದರೆ ನಿಮಗೊಂದು ಕೆಲಸ ಇದೆ. 1948ರಲ್ಲಿ ಹತ್ತು ವರ್ಷದವರಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ನಿಮ್ಮ ಮೊಹಲ್ಲಾದಲ್ಲಿ ಅಂಥ ದಾದಿಯೋ ನಾನಾನೋ ಒಬ್ಬರಾದರೂ ಇರುತ್ತಾರೆ, ಪಕ್ಕದ ಓಣಿಯಲ್ಲಿ ಒಬ್ಬ ಅಜ್ಜಿ ಇರುತ್ತಾಳೆ. ಇಬ್ಬರ ಹತ್ತಿರವೂ ಹೋಗಿ. ಯಾರು ಹೊಡೆದರು ಅಂತ ಮೊದಲೇ ಕೇಳಬೇಡಿ, ಅವರು ಸುಮ್ಮನಾಗಿಬಿಡ್ತಾರೆ. ಆಗ ಯಾವ ಮನೆಯಲ್ಲಿ ಇದ್ದಿರಿ, ಯಾರು ಬಚ್ಚಿಟ್ಟರು, ಊಟ ಯಾರು ಕೊಟ್ಟರು ಅಂತ ಕೇಳಿ. ಮಾತು ಉರ್ದುವಿನಲ್ಲಿ ಬಂದರೆ ಉರ್ದುವಿನಲ್ಲೇ, ಕನ್ನಡದಲ್ಲಿ ಬಂದರೆ ಕನ್ನಡದಲ್ಲೇ ಬರೆದುಕೊಳ್ಳಿ. ಊರಿನ ಹೆಸರು, ತಾರೀಖು, ಮನೆತನದ ಹೆಸರು ತಪ್ಪದೆ ಹಾಕಿ. ಮುಂದಿನ ಸೆಪ್ಟೆಂಬರ್ 17ಕ್ಕೆ ಇನ್ನೂ ಕೆಲವು ತಿಂಗಳಿದ್ದರೆ ಈ ರಜೆಯಲ್ಲೇ ಶುರುಮಾಡಿ.